ಬರುವವರ ಎಲೆ

ಹೊಳೆಯ ದಂಡೆಯ ಮೇಲೊಂದು ಆಶ್ರಮ. ದೊಡ್ಡದೇನಲ್ಲ. ಹೆಂಚಿನ ಪಡಸಾಲೆ, ಅದರ ಬೆನ್ನಿಗೆ ಅಡುಗೆಮನೆ, ಅಂಗಳದಲ್ಲಿ ಬೇವಿನ ಮರ. ಮುಂಬಾಗಿಲಿಗೆ ಅಗುಳಿ ಇರಲಿಲ್ಲ.

ಅಲ್ಲಿದ್ದ ಗುರುಗಳ ಹೆಸರು ಅಡವಯ್ಯ. ವಯಸ್ಸು ಎಂಬತ್ತು ದಾಟಿತ್ತು. ಕಣ್ಣಿಗೆ ಪೊರೆ ಬಂದಿತ್ತು. ಹಲ್ಲು ನಾಲ್ಕೋ ಐದೋ ಉಳಿದಿದ್ದವು, ನಗುವಾಗ ಅಷ್ಟನ್ನೂ ತೋರಿಸುತ್ತಿದ್ದರು. ಊರವರೂ ಶಿಷ್ಯರೂ ಅವರನ್ನು ಅಜ್ಜಯ್ಯ ಅಂತಲೇ ಕರೆಯುತ್ತಿದ್ದರು.

ಶಿಷ್ಯರು ಹತ್ತು ಜನ. ಅವರಲ್ಲಿ ಹಿರಿಯವನು ಕೊಟ್ರಯ್ಯ. ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಗುರುಗಳೆಂದರೆ ಪ್ರಾಣ. ಆದರೆ ತಾನು ಓದಿದವನು ಅನ್ನುವುದು ಮಾತ್ರ ಅವನಿಗೆ ಒಂದು ಗಳಿಗೆಯೂ ಮರೆಯುತ್ತಿರಲಿಲ್ಲ.

ಆಶ್ರಮದಲ್ಲಿ ಹಿಂದಿನಿಂದ ನಡೆದುಬಂದ ಒಂದು ಪದ್ಧತಿಯಿತ್ತು. ಇರುವವರು ಹನ್ನೊಂದು ಜನ, ಮಧ್ಯಾಹ್ನದ ಊಟಕ್ಕೆ ಹಾಕುವುದು ಹನ್ನೆರಡು ಮುತ್ತುಗದ ಎಲೆ. ಹನ್ನೆರಡನೆಯದು ಬರುವವರ ಎಲೆ.

ಬರುವವರು ಅಂದರೆ ಯಾರು? ಯಾರಿಗೆ ಗೊತ್ತು! ದಾರಿಯಲ್ಲಿ ಹೋಗುವವರು ಯಾರಾದರೂ ಸರಿ, ಕರೆಯದೆ ಬಂದು ಆ ಎಲೆಗೆ ಕೂರಬೇಕು. ಅವರು ಕೂರುವ ತನಕ ಉಳಿದವರು ತುತ್ತು ಎತ್ತುವ ಹಾಗಿಲ್ಲ. ಅಜ್ಜಯ್ಯನೂ ಅಷ್ಟೇ.

ಕೆಲವು ದಿನ ಎಲೆ ಹಾಕುವ ಮೊದಲೇ ಯಾರೋ ಬಂದು ಕೈಕಾಲು ತೊಳೆಯುತ್ತಿದ್ದರು. ಕೆಲವು ದಿನ ಹೊತ್ತು ಇಳಿದರೂ ಒಂದು ನರಪಿಳ್ಳೆಯೂ ಇಲ್ಲ. ಸಾರು ಆರಿ ಹೋಗುತ್ತಿತ್ತು. ಹನ್ನೊಂದು ಹೊಟ್ಟೆಗಳು ಗುರುಗುಟ್ಟುವುದು ಅಂಗಳದ ತನಕ ಕೇಳುತ್ತಿತ್ತು.

"ಅಜ್ಜಯ್ಯ, ಯಾರೂ ಬರದೇ ಹೋದರೆ?" ಅಂತ ಹೊಸ ಶಿಷ್ಯರು ಕೇಳುತ್ತಿದ್ದರು.

"ಇವತ್ತಿನ ತನಕ ಹಂಗಾಗಿಲ್ಲಪ್ಪ," ಅನ್ನುತ್ತಿದ್ದರು ಅಜ್ಜಯ್ಯ.

ಕೊಟ್ರಯ್ಯ ಹನ್ನೆರಡು ವರ್ಷದಿಂದ ಒಂದು ಪುಸ್ತಕ ಬರೆಯುತ್ತಿದ್ದ. ಮನುಷ್ಯ ಸ್ವಭಾವ ಎಂಥದ್ದು ಅನ್ನುವುದು ಅದರ ವಿಷಯ. ಮನುಷ್ಯ ಅಂದರೆ ಬೀಜ. ಅವನು ಏನಾಗಬೇಕೋ ಅದೆಲ್ಲ ಹುಟ್ಟುವಾಗಲೇ ಒಳಗೆ ತುಂಬಿರುತ್ತದೆ. ಹೊರಗೆ ಎದುರಾಗುವ ಜನರೆಲ್ಲ ಬರೀ ದಾರಿಯ ಧೂಳು. ಹೀಗೆ ಸಾಗಿತ್ತು ವಾದ.

ಒಮ್ಮೆ ಅದನ್ನು ಅಜ್ಜಯ್ಯನಿಗೆ ಓದಿ ಹೇಳಿದ.

"ಬೀಜ ಡಬ್ಬಿಯೊಳಗಿದ್ರೂ ಮೊಳಕೆ ಬರ್ತದೇನೋ?" ಅಂದರು ಅಜ್ಜಯ್ಯ.

"ಆ ಪ್ರಶ್ನೆಗೆ ಆರನೇ ಅಧ್ಯಾಯದಲ್ಲಿ ಉತ್ತರವಿದೆ, ಅಜ್ಜಯ್ಯ."

"ಹಂಗಾದ್ರೆ ಸರಿ ಬಿಡು," ಅಂದು ಅಜ್ಜಯ್ಯ ಮಗ್ಗುಲು ತಿರುಗಿ ಮಲಗಿದರು.

ಈ ಪುಸ್ತಕಕ್ಕೆ ಬುನಾದಿ ಯಾವುದು ಗೊತ್ತೇ? ಒಂದೇ ಒಂದು ಮಾತು.

ಹನ್ನೆರಡು ವರ್ಷದ ಹಿಂದೆ ಕೊಟ್ರಯ್ಯ ಆಚೆ ದಡದ ದೊಡ್ಡ ಮಠಕ್ಕೆ ತರ್ಕ ಕಲಿಯಲು ಹೊರಟಿದ್ದ. ದೋಣಿ ತಪ್ಪಿತು. ಬಿಸಿಲಲ್ಲಿ ಅಲೆದು ಅಲೆದು ಸುಸ್ತಾಗಿ ಈ ಬಾಗಿಲಲ್ಲಿ ಬಂದು ನಿಂತ. ಅಜ್ಜಯ್ಯ ಅವನ ಕಡೆ ತಿರುಗಿದ್ದೇ ತಡ, "ಬಾ, ಕೂತ್ಕೋ. ನಿನಗೋಸ್ಕರಾನೇ ಕಾಯ್ತಾ ಇದ್ದೆ" ಅಂದರು. ಎಲೆ ಆಗಲೇ ಹಾಕಿತ್ತು.

ಕೊಟ್ರಯ್ಯನಿಗೆ ಮೈ ಜುಮ್ಮೆಂದಿತು. ಹೆಸರು ಹೇಳಿಲ್ಲ, ಊರು ಹೇಳಿಲ್ಲ, ನನ್ನೊಳಗೆ ಏನಿದೆ ಅಂತ ಕಂಡುಬಿಟ್ಟರಲ್ಲ ಈ ಪುಣ್ಯಾತ್ಮರು! ಆಚೆ ದಡ ಮರೆತೇಹೋಯಿತು.

ಮರುದಿನದಿಂದ ಆ ಎಲೆಗೆ ಯಾರ್ಯಾರೋ ಬಂದು ಕೂತರು. ಅವರಿಗೆಲ್ಲ ಅಜ್ಜಯ್ಯ "ಬಾ, ಕೂತ್ಕೋ" ಅನ್ನುತ್ತಿದ್ದರು, ಅಷ್ಟೇ. "ನಿನಗೋಸ್ಕರಾನೇ" ಅಂದದ್ದು ತನಗೊಬ್ಬನಿಗೇ. ಅದನ್ನು ಕೊಟ್ರಯ್ಯ ಬಹಳ ಚೆನ್ನಾಗಿ ಗಮನಿಸಿದ್ದ. ಪುಸ್ತಕದ ಮೊದಲ ಪುಟದಲ್ಲೇ ಆ ಮಾತನ್ನು ಬರೆದುಕೊಂಡ.

ಈಗ ಉಳಿದದ್ದು ಒಂದೇ ಅಧ್ಯಾಯ. ಆದರೆ ಬರೆಯಲು ಬಿಡಬೇಕಲ್ಲ ಈ ಬರುವವರು!

ಒಬ್ಬ ಬಂದು ತನ್ನ ಎಮ್ಮೆಯ ಕಾಯಿಲೆಯ ಕಥೆ ಶುರುಮಾಡಿದರೆ ಸಂಜೆಯಾದರೂ ಮುಗಿಸುತ್ತಿರಲಿಲ್ಲ. ಇನ್ನೊಬ್ಬ ಊಟವಾದ ಮೇಲೆ ಹಾಡುತ್ತೇನೆ ಅಂತ ಹಟ ಹಿಡಿಯುತ್ತಿದ್ದ. ಯಾವಳೋ ಮುದುಕಿ ಕೊಟ್ರಯ್ಯನ ಪುಸ್ತಕ ಎತ್ತಿ ನೋಡಿ, "ಇಷ್ಟು ದಪ್ಪ ಐತಲ್ಲ, ಇದರಾಗೆ ಕಥೆ ಐತೇನಪ್ಪ?" ಅಂದಿದ್ದಳು. ಇಲ್ಲ ಅಂದಾಗ ಪಾಪ ಅಂತ ಅವನ ತಲೆ ಸವರಿ ಹೋಗಿದ್ದಳು.

ಅಡುಗೆಮನೆಯ ಉಸ್ತುವಾರಿ ಕೊಟ್ರಯ್ಯನದ್ದೇ. ಯೋಚನೆ ಮಾಡಿ ಮಾಡಿ ಅವನೊಂದು ಉಪಾಯ ಹೂಡಿದ.

ಪಕ್ಕದ ಹಳ್ಳಿಯಲ್ಲಿ ಹಾಲಪ್ಪ ಅಂತ ಒಬ್ಬನಿದ್ದ. ಕೆಲಸ ಕಡಿಮೆ, ಹಸಿವು ಜಾಸ್ತಿ, ಮನಸ್ಸು ಮಾತ್ರ ಬೆಣ್ಣೆ. ಕೊಟ್ರಯ್ಯ ಅವನನ್ನು ಹುಡುಕಿಕೊಂಡು ಹೋದ.

"ಹಾಲಪ್ಪ, ದಿನಾ ನೆತ್ತಿ ಮೇಲೆ ಸೂರ್ಯ ಬರುವ ಹೊತ್ತಿಗೆ ನಮ್ಮ ಬಾಗಿಲಿಗೆ ಬರಬೇಕು."

"ಬಂದು?"

"ಊಟ ಮಾಡಬೇಕು."

"ಆಮೇಲೆ?"

"ಎದ್ದು ಹೋಗಬೇಕು."

ಹಾಲಪ್ಪ ಸುತ್ತಮುತ್ತ ನೋಡಿದ. "ಇದರಾಗೆ ಏನಾದ್ರೂ ಮೋಸ ಐತಾ, ಸ್ವಾಮೇರೆ?"

"ಏನೂ ಇಲ್ಲ. ದಿನಾ ಬೇರೆ ಬೇರೆಯವನ ಹಾಗೆ ಬರಬೇಕು, ಅಷ್ಟೇ. ಅಜ್ಜಯ್ಯನಿಗೆ ಕಣ್ಣು ಮಂಜು."

ಮರುದಿನದಿಂದ ಬಂತು ನೋಡಿ ಆಶ್ರಮಕ್ಕೆ ಶಿಸ್ತು! ಸೂರ್ಯ ನೆತ್ತಿಗೆ ಬಂದ ಅಂದರೆ ಹಾಲಪ್ಪ ಬಾಗಿಲಿಗೆ ಬಂದ. ಮೊದಲ ದಿನ ಕಂಬಳಿ ಮಾರುವವನಾಗಿ ಬಂದ. ಮರುದಿನ ಡೊಳ್ಳು ಬಾರಿಸುವವನು. ಅದರ ಮರುದಿನ ರುಮಾಲು ಸುತ್ತಿಕೊಂಡು ಹೆಣ್ಣು ನೋಡಲು ಹೊರಟವನು.

ಬರುವವನು ಖಾತ್ರಿಯಾದ ಮೇಲೆ ಅಡುಗೆಗೂ ಅಳತೆ ಬಂತು. ಮೊದಲೆಲ್ಲ ಎಷ್ಟು ಜನ ಬರುತ್ತಾರೋ ಅಂತ ಒಂದೆರಡು ಸೇರು ಜಾಸ್ತಿಯೇ ಬೇಯಿಸುತ್ತಿದ್ದರು. ಈಗ ಹನ್ನೆರಡು ಜನಕ್ಕೆ ಸಾಕಾಗುವಷ್ಟು ಅಕ್ಕಿ, ತಲೆಗೆ ಎರಡು ರೊಟ್ಟಿ. ಒಂದು ಅಗುಳೂ ಹೆಚ್ಚಿಲ್ಲ. ಕೊಟ್ರಯ್ಯನಿಗೆ ಇದು ಬಲು ಹೆಮ್ಮೆ.

ಅಜ್ಜಯ್ಯ ದಿನವೂ ಬಂದವನನ್ನು ಪ್ರೀತಿಯಿಂದ ಮಾತಾಡಿಸುತ್ತಿದ್ದರು.

"ಹೆಣ್ಣು ಒಪ್ಪಿಗೆ ಆಯ್ತೇನಪ್ಪಾ?"

"ಇನ್ನೂ ನೋಡಿಲ್ಲ ಅಜ್ಜಯ್ಯ, ಈಗ ಹೊಂಟೀನಿ."

"ಒಳ್ಳೇದಾಗ್ಲಿ. ನೋಡು ಕೊಟ್ರಯ್ಯ, ನಿನ್ನೆ ಡೊಳ್ಳಿನವ, ಮೊನ್ನೆ ಕಂಬಳಿಯವ, ಇವತ್ತು ಮದುಮಗ. ಈ ಸೀಮೆ ಜನ ಎಲ್ಲಾರೂ ಸಾರನ್ನ ಒಂದೇ ಥರ ಸೊರ್ರ್ ಅಂತ ಸುರೀತಾರೆ."

ಕೊಟ್ರಯ್ಯ ತಲೆ ತಗ್ಗಿಸಿ ಗಬಗಬ ಉಂಡ. ಹಾಲಪ್ಪನಿಗೆ ನೆತ್ತಿಗೇರಿ ಕೆಮ್ಮು ಬಂತು.

ಹೀಗೇ ಹತ್ತೊಂಬತ್ತು ದಿನ ಕಳೆಯಿತು.

ಇಪ್ಪತ್ತನೆಯ ದಿನ. ಹಾಲಪ್ಪ ಆಗಲೇ ಬಂದು ಎಲೆಗೆ ಕೂತಿದ್ದ. ಆವತ್ತು ಅವನು ಬಾವಿ ತೋಡುವವನು. ಬಡಿಸುವುದು ನಡೆದಿತ್ತು. ಕೊಟ್ರಯ್ಯ ಬಾಗಿಲ ಪಕ್ಕದಲ್ಲಿ ಕೂತು ಪುಸ್ತಕದಲ್ಲಿ ಮುಳುಗಿದ್ದ. ಕಡೆಯ ಅಧ್ಯಾಯದ ಸಾಲು ಆಗಷ್ಟೇ ಒದಗಿ ಬರುತ್ತಿತ್ತು: "ಎದುರಿಗಿರುವ ಮನುಷ್ಯನನ್ನು ಅರಿಯುವುದೆಂದರೆ..."

"ಎಲೆ ಖಾಲಿ ಐತಾ, ಸ್ವಾಮೇರೆ?"

ಬಾಗಿಲಲ್ಲಿ ಯಾರದೋ ಗೊಗ್ಗರು ದನಿ.

"ತುಂಬಿದೆ. ಮುಂದೆ ಹೋಗಿ," ಅಂದ ಕೊಟ್ರಯ್ಯ. ತಲೆ ಎತ್ತಲಿಲ್ಲ. ಎತ್ತಿದರೆ ಸಾಲು ತಪ್ಪಿಹೋಗುತ್ತಿತ್ತು.

ಬಂದ ಹೆಜ್ಜೆ ಅಲ್ಲೇ ಒಂದು ಗಳಿಗೆ ನಿಂತಿತು. ಆಮೇಲೆ ಹೊಳೆಯ ಕಡೆ ಹೋಯಿತು.

ಒಳಗೆ ಅಜ್ಜಯ್ಯ ಎಲೆಯ ಮುಂದಿನಿಂದ ಎದ್ದರು.

"ಅಜ್ಜಯ್ಯ, ಯಾಕೆ ಎದ್ದಿರಿ?"

"ನನ್ನ ಅತಿಥಿ ಹೊರಟುಹೋದ್ರಲ್ಲ."

"ಅತಿಥಿ ಇಲ್ಲೇ ಕೂತಿದ್ದಾನಲ್ಲ, ಅಜ್ಜಯ್ಯ!"

"ಇವನಾ? ಇವನು ನಮ್ಮ ಹಾಲಪ್ಪ." ಅಜ್ಜಯ್ಯ ಅವನ ಬೆನ್ನು ತಟ್ಟಿದರು. "ಏನೋ ಹಾಲಪ್ಪ, ಬಾವಿಯಾಗೆ ನೀರು ಬಂತೇನೋ?"

ಹಾಲಪ್ಪನ ತುತ್ತು ಕೈಯಲ್ಲೇ ನಿಂತಿತು. "ಅಜ್ಜಯ್ಯ, ನಂದು ತಪ್ಪಾಯ್ತು."

"ನೀನು ಉಣ್ಣು. ಅನ್ನ ಏನು ತಪ್ಪು ಮಾಡೈತೆ? ಎಲ್ಲಾರೂ ಉಣ್ಣಿ. ನಾಳೆನೂ ಬಾ ಹಾಲಪ್ಪ, ನಾನೇ ಕರೀತಿದೀನಿ. ಹಾಲಪ್ಪನಾಗೇ ಬಾ." ಆಮೇಲೆ ಹಿರಿಯ ಶಿಷ್ಯನ ಕಡೆ ತಿರುಗಿದರು. "ಬಾಗಿಲಿಗೆ ಬಂದೋರು ಇಲ್ಲಿಗೆ ಬಂದು ಉಂಡ ಮೇಲೆ ನಾನು ಉಣ್ತೀನಿ, ಕೊಟ್ರಯ್ಯ."

ಕೊಟ್ರಯ್ಯ ದಡಬಡಿಸಿ ಎದ್ದ. ಎಂಬತ್ತು ದಾಟಿದ ಜೀವ. ದಿನಕ್ಕೆ ಒಂದೇ ಹೊತ್ತು ಊಟ. ಹಟ ಹಿಡಿದರೆ ಈ ಮನುಷ್ಯನನ್ನು ಅಲ್ಲಾಡಿಸುವವರು ಮೂರು ಲೋಕದಲ್ಲೂ ಇಲ್ಲ ಅಂತ ಅವನಿಗೆ ಗೊತ್ತು.

"ಈಗಲೇ ಕರೆದುಕೊಂಡು ಬರುತ್ತೇನೆ," ಅಂತ ಬಾಗಿಲ ತನಕ ಓಡಿದವನು ಹಾಗೇ ನಿಂತ.

"ಯಾಕೆ ನಿಂತೆ?"

"ಅಜ್ಜಯ್ಯ... ನಾನು ಮುಖ ನೋಡಲಿಲ್ಲ."

"ಗಂಡಸೋ, ಹೆಂಗಸೋ?"

"ಗೊಗ್ಗರು ದನಿ. ಗೊತ್ತಾಗಲಿಲ್ಲ."

"ಮುದುಕರೋ, ಹರೆಯದೋರೋ?"

ಕೊಟ್ರಯ್ಯ ತಲೆ ಕೆರೆದುಕೊಂಡ.

"ಅದಕ್ಕೇನಂತೆ," ಅಂದರು ಅಜ್ಜಯ್ಯ. "ಮನುಷ್ಯ ಅಂದ್ರೆ ಹೆಂಗಿರ್ತಾನೆ ಅಂತ ನಿನ್ನ ಪುಸ್ತಕದಾಗೆ ಬರೆದೀಯಲ್ಲ. ತಗೊಂಡು ಹೋಗು. ಹೋಲಿಸಿ ನೋಡಿದ್ರೆ ಸಿಕ್ತಾರೆ."

ಉಳಿದ ಶಿಷ್ಯರು ನಗು ತಡೆಯಲಾರದೆ ಎಲೆಯ ಕಡೆ ಬಗ್ಗಿದರು. ಕೊಟ್ರಯ್ಯ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊಳೆಯ ಕಡೆ ಓಡಿದ.

ದಂಡೆಯ ಹೊಂಗೆ ಮರದ ಕೆಳಗೆ ಒಬ್ಬ ಹೆಂಗಸು ಕೂತಿದ್ದಳು. ದುರುಗವ್ವ ಅಂತ ಅವಳ ಹೆಸರು, ಊರೂರು ತಿರುಗಿ ಮೊರ ಬುಟ್ಟಿ ಹೆಣೆಯುವವಳು. ಬಾಯಲ್ಲಿ ಬಿದಿರಿನ ಸೀಳು ಕಚ್ಚಿಕೊಂಡು, ಎರಡೂ ಕೈಯಲ್ಲಿ ಮೊರದ ಅಂಚು ಬಿಗಿಯುತ್ತಿದ್ದಳು.

"ಏ ಅಮ್ಮ, ಈಗ ಸ್ವಲ್ಪ ಹೊತ್ತಿನ ಮುಂಚೆ ಆಶ್ರಮದ ಬಾಗಿಲಿಗೆ ಬಂದಿದ್ದು ನೀನೇನಾ? ನಿಜ ಹೇಳು."

ದುರುಗವ್ವ ಅವನನ್ನು ಕೆಳಗಿನಿಂದ ಮೇಲಿನ ತನಕ ನೋಡಿದಳು. ಓಡಿಬಂದ ದಮ್ಮು, ಕೆಂಪಾದ ಮುಖ, ಕಂಕುಳಲ್ಲಿ ಠಾಣೆಯ ಪುಸ್ತಕದಂಥ ದಪ್ಪ ಪುಸ್ತಕ. ಸೀಳು ಕಚ್ಚಿಕೊಂಡೇ ಇಲ್ಲ ಅಂತ ತಲೆಯಾಡಿಸಿದಳು.

ಮುಂದೆ ಬಾತುಕೋಳಿ ಮೇಯಿಸುವವನೊಬ್ಬ ಸಿಕ್ಕ. ದೂರದ ಸೀಮೆಯವನು, ಕನ್ನಡ ಅಷ್ಟಕ್ಕಷ್ಟೇ. ಗದ್ದೆಯಿಂದ ಗದ್ದೆಗೆ ಬಾತುಗಳನ್ನು ಹೊಡೆದುಕೊಂಡು ಬಂದಿದ್ದ.

"ಬಾಗಿಲಿಗೆ ಬಂದಿದ್ದು ನೀನಾ?" ಅಂತ ಕೊಟ್ರಯ್ಯ ಕೇಳಿದ.

ಅವನು ಎರಡೂ ಕೈ ಎತ್ತಿ, "ನಾ ಇಲ್ಲ, ಬಾತು ಇಲ್ಲ, ಗದ್ದೆ ಒಳಗೆ ಹೋಗಿಲ್ಲ, ಸಾಮಿ!" ಅಂದ. ಯಾರದೋ ಪೈರು ಹಾಳಾದ ತಕರಾರು ಅಂದುಕೊಂಡಿರಬೇಕು, ಪಾಪ.

ಸಂಜೆಯ ತನಕ ಕೊಟ್ರಯ್ಯ ದಾರಿಯಲ್ಲಿ ಕಂಡವರನ್ನೆಲ್ಲ ನಿಲ್ಲಿಸಿ ಕೇಳಿದ. ಎಲ್ಲರದೂ ಒಂದೇ ಉತ್ತರ. ನಾನಲ್ಲ, ನಾನಲ್ಲ, ನಾನಲ್ಲ.

ಹೊತ್ತು ಮುಳುಗುವಾಗ ವಾಪಸ್ಸು ಬಂದ. ಅಜ್ಜಯ್ಯ ಬೇವಿನ ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತಿದ್ದರು. ಸಣ್ಣ ತಂಬಿಗೆಯನ್ನೂ ಎರಡು ಕೈಯಲ್ಲಿ ಹಿಡಿದಿದ್ದರು.

ಕೊಟ್ರಯ್ಯ ಅದನ್ನು ನೋಡಿ ಅವರ ಕಾಲ ಬಳಿ ಕುಸಿದು ಕೂತ. "ಸಿಗಲಿಲ್ಲ, ಅಜ್ಜಯ್ಯ. ದಯವಿಟ್ಟು ಊಟ ಮಾಡಿ. ಶಿಕ್ಷೆ ನನಗೆ ಕೊಡಿ. ನಾನು ಹತ್ತು ದಿನ ಉಪವಾಸ ಇರುತ್ತೇನೆ."

"ನೀನು ಉಪವಾಸ ಇದ್ರೆ ಆ ಹೊಟ್ಟೆ ತುಂಬ್ತದಾ?"

ಕೊಟ್ರಯ್ಯ ಕಂಕುಳಲ್ಲಿದ್ದ ಪುಸ್ತಕ ತೆಗೆದು ಕೆಳಗಿಟ್ಟ.

"ಹೋಲಲಿಲ್ವಾ ಯಾರೂ ನಿನ್ನ ಪುಸ್ತಕಕ್ಕೆ?"

"ಅಜ್ಜಯ್ಯ, ತಮಾಷೆ ಮಾಡಬೇಡಿ. ನನಗೆ ಭಯವಾಗುತ್ತಿದೆ."

"ಸರಿ, ಮಾಡಲ್ಲ." ಅಜ್ಜಯ್ಯ ಅವನ ತಲೆಯ ಮೇಲೆ ಕೈಯಿಟ್ಟರು.

ಆ ಕೈ ಹಾಗೇ ಇದ್ದದ್ದಕ್ಕೋ ಏನೋ, ಹನ್ನೆರಡು ವರ್ಷದಿಂದ ಕೇಳದೇ ಇದ್ದ ಮಾತನ್ನು ಕೊಟ್ರಯ್ಯ ಕೇಳಿಬಿಟ್ಟ.

"ನಾನು ಮೊದಲ ಸಲ ಬಂದ ದಿನ, ನಿನಗೋಸ್ಕರಾನೇ ಕಾಯ್ತಾ ಇದ್ದೆ ಅಂದಿರಿ. ಆವತ್ತು ನನ್ನಲ್ಲಿ ಏನು ಕಂಡಿರಿ, ಅಜ್ಜಯ್ಯ?"

"ಆವತ್ತಾ?" ಅಜ್ಜಯ್ಯನಿಗೆ ನಗು ಬಂತು. "ಅಯ್ಯೋ, ಆವತ್ತಿನ ಹಸಿವು ಕೇಳ್ಬೇಡ. ದನ ಮನೆಗೆ ತಿರುಗೋ ಹೊತ್ತಾಗಿತ್ತು, ಒಬ್ಬರೂ ಬಂದಿರಲಿಲ್ಲ. ಅಷ್ಟು ತಡ ಯಾವತ್ತೂ ಆಗಿದ್ದಿಲ್ಲ. ಹೊಟ್ಟೆ ತಾಳ ಹಾಕ್ತಿತ್ತು. ಆಗ ಬಾಗಿಲಾಗೆ ಏನೋ ಅಲ್ಲಾಡಿತು. ಅದು ನೀನು."

"ನನ್ನ ಮುಖದಲ್ಲಿ...?"

"ಇಳಿಬಿಸಿಲು ನಿನ್ನ ಬೆನ್ನ ಹಿಂದೆ ಇತ್ತು. ಮುಖ ಎಲ್ಲಿ ಕಾಣ್ಬೇಕು?"

"ಹಾಗಾದರೆ ಬೇರೆ ಯಾರು ಬಂದಿದ್ದರೂ ಅದೇ ಮಾತು ಹೇಳುತ್ತಿದ್ದಿರಾ?"

"ಬಂದೋರಿಗೆ ಹೇಳ್ತಿದ್ದೆ."

"ನನ್ನ ದೋಣಿ ತಪ್ಪದೇ ಹೋಗಿದ್ದರೆ?"

"ಆಚೆ ದಡದಾಗೆ ತರ್ಕ ಮಾಡ್ಕೊಂಡು ಸುಖವಾಗಿ ಇರ್ತಿದ್ದೆ. ಇಲ್ಲಿ ಬೇರೆ ಯಾವನೋ ನನ್ನ ತಲೆ ತಿಂತಿದ್ದ."

ಕೊಟ್ರಯ್ಯನ ಕಣ್ಣು ತುಂಬಿ ಬಂತು. ಹನ್ನೆರಡು ವರ್ಷದ ಬುನಾದಿ ಒಂದೇ ಏಟಿಗೆ ಕುಸಿದು ಕೂತಿತ್ತು. ದುಃಖವೋ ನಾಚಿಕೆಯೋ ಅವನಿಗೇ ತಿಳಿಯಲಿಲ್ಲ.

"ಅಂದರೆ ನಾನು ಇಲ್ಲಿರುವುದು ಬರೀ ಆಕಸ್ಮಿಕ."

"ಹೂಂ. ಅದಕ್ಕೆ ಯಾಕೆ ಮುಖ ಸಣ್ಣ ಮಾಡ್ತೀಯ? ನನ್ನ ಬದುಕಿನಾಗೆ ಬಂದ ಒಳ್ಳೇದೆಲ್ಲ ಆ ಬಾಗಿಲಿಂದಲೇ ಬಂದೈತೆ. ಒಂದನ್ನೂ ನಾನು ಕರೆದಿರಲಿಲ್ಲ."

"ನನ್ನ ಪುಸ್ತಕ ಹಾಗಾದರೆ ಸುಳ್ಳು."

"ಅಕ್ಷರ ಚೆಂದ ಐತೆ," ಅಂದರು ಅಜ್ಜಯ್ಯ.

ಅಳುತ್ತಿದ್ದ ಕೊಟ್ರಯ್ಯನಿಗೆ ನಗು ತಡೆಯಲಾಗಲಿಲ್ಲ.

ಬೆಳಗಾಯಿತು. ಕೊಟ್ರಯ್ಯ ಮತ್ತೆ ಹೊರಟ. ಪುಸ್ತಕ ತೆಗೆದುಕೊಳ್ಳಲಿಲ್ಲ. ಹೊರಡುವ ಮೊದಲು ಅಡುಗೆಮನೆಗೆ ಹೋಗಿ, "ಇವತ್ತು ಅಳತೆ ಬೇಡ. ದೊಡ್ಡ ಹಂಡೆ ಇಡಿ" ಅಂದ.

"ಎಷ್ಟು ಜನ ಬರ್ತಾರೆ?" ಅಂತ ಅಡುಗೆಗೆ ನಿಂತಿದ್ದ ಶಿಷ್ಯ ಕೇಳಿದ.

"ನನಗೇನು ಗೊತ್ತು?"

ಹೊಳೆಯ ಮೆಟ್ಟಿಲ ಮೇಲೆ ಒಬ್ಬ ಗೃಹಸ್ಥ ಗಲ್ಲಕ್ಕೆ ಕೈಕೊಟ್ಟು ಕೂತಿದ್ದ. ನೀನೇನಾ ಅಂತ ಕೇಳಲು ಕೊಟ್ರಯ್ಯ ಬಾಯಿ ತೆರೆದ. ಆದರೆ ಆ ಮುಖ ನೋಡಿದ ಮೇಲೆ ಬೇರೆ ಮಾತೇ ಹೊರಟಿತು.

"ಊಟ ಆಯ್ತಾ, ಅಣ್ಣಾ?"

"ಆಗಿದ್ರೆ ಇಲ್ಲಿ ಯಾಕೆ ಕೂತಿರ್ತಿದ್ದೆ? ಮನೇಲಿ ಜಗಳ ಆಡ್ಕೊಂಡು ಬಂದೀನಿ. ಇನ್ನು ಆಕೆ ಕೈ ಅನ್ನ ಮುಟ್ಟಲ್ಲ ಅಂದ್ಬಿಟ್ಟೆ." ಅವನು ನಿಟ್ಟುಸಿರು ಬಿಟ್ಟ. "ಇವತ್ತು ಬದನೆಕಾಯಿ ಎಣ್ಣೆಗಾಯಿ ಮಾಡಿದ್ಲು ಬೇರೆ."

"ನಮ್ಮಲ್ಲಿ ಸೊಪ್ಪಿನ ಸಾರು. ಬನ್ನಿ."

"ನಾನು ಯಾರು ಅಂತ ನಿಮಗೆ ಗೊತ್ತಾ?"

"ಇಲ್ಲ. ಉಣ್ಣುತ್ತಾ ಹೇಳುವಿರಂತೆ."

ಆ ಮನುಷ್ಯ ಪಂಚೆ ಕೊಡವಿಕೊಂಡು ಎದ್ದ.

ಗದ್ದೆಯ ಬದುವಿನ ಮೇಲೆ ಬಾತುಕೋಳಿಯವನು ಸಿಕ್ಕ. ಕೊಟ್ರಯ್ಯನನ್ನು ಕಂಡ ಕೂಡಲೇ ಮತ್ತೆ ಕೈ ಎತ್ತಿದ. ಕೊಟ್ರಯ್ಯ ಬೆರಳುಗಳನ್ನು ಕೂಡಿಸಿ ಬಾಯಿಗೆ ತೋರಿಸಿ, "ಊಟ? ಆಯ್ತಾ?" ಅಂದ.

ಅವನ ಎತ್ತಿದ ಕೈ ನಿಧಾನಕ್ಕೆ ಇಳಿಯಿತು. "ಊಟ ಇಲ್ಲ, ಸಾಮಿ. ಬಾತು?"

"ಬಾತನ್ನೂ ಹೊಡೆದುಕೊಂಡು ಬಾ. ಅಂಗಳ ಇದೆ."

ಕಡೆಗೆ ಹೊಂಗೆ ಮರದ ಹತ್ತಿರ ಬಂದರು. ದುರುಗವ್ವ ನಿನ್ನೆಯ ಹಾಗೇ ಬಿದಿರಿನ ಸೀಳು ಕಚ್ಚಿಕೊಂಡು ಕೂತಿದ್ದಳು. ನಿನ್ನೆ ಅವಳ ಮುಖ ಅವನಿಗೆ ಕಂಡೇ ಇರಲಿಲ್ಲ. ಇವತ್ತು ಕಂಡಿತು. ಅವನ ಅಕ್ಕನ ವಯಸ್ಸಿನವಳು. ಹುಬ್ಬಿನ ನಡುವೆ ಹಸಿರು ಹಚ್ಚೆ. ಬಿಸಿಲಿಗೆ ಒಡೆದ ತುಟಿ.

"ಊಟ ಆಯ್ತಾ, ಅಕ್ಕಾ?"

ದುರುಗವ್ವ ಅವನನ್ನೇ ನೋಡಿದಳು. ಅವನ ಹಿಂದಿದ್ದ ಗೃಹಸ್ಥನನ್ನು ನೋಡಿದಳು, ಬಾತುಗಳ ಹಿಂಡನ್ನು ನೋಡಿದಳು. ಬಾಯಿಂದ ಸೀಳು ತೆಗೆದು ಮೊರದಲ್ಲಿ ಸಿಕ್ಕಿಸಿದಳು. ಒಂದು ಮಾತೂ ಆಡದೆ ಎದ್ದು ಅವರ ಹಿಂದೆ ಹೊರಟಳು.

ಆಶ್ರಮ ಬಂತು. ಬಾತುಗಳು ಕ್ವಾಕ್ ಕ್ವಾಕ್ ಅಂತ ಅಂಗಳಕ್ಕೆ ನುಗ್ಗಿದವು. ದುರುಗವ್ವ ಮಾತ್ರ ಹೊಸ್ತಿಲ ಹೊರಗೇ ನಿಂತಳು.

"ಎಲೆ ಖಾಲಿ ಐತಾ, ಸ್ವಾಮೇರೆ?"

ಅದೇ ಗೊಗ್ಗರು ದನಿ.

ಕೊಟ್ರಯ್ಯ ಗಕ್ಕನೆ ತಿರುಗಿದ. "ಅಕ್ಕಾ, ನೀವೇ! ಮೊನ್ನೆ... ಅಲ್ಲ, ನಿನ್ನೆ ಬಂದವರು ನೀವೇ! ನಾನು ಕೇಳಿದಾಗ ಇಲ್ಲ ಅಂದಿರಲ್ಲ?"

"ಕಳುವಾದ ತಂಬಿಗೆ ಹುಡುಕೋರ ಥರ ಕೇಳಿದ್ರೆ ಯಾರು ಹೂಂ ಅಂತಾರೆ, ಸ್ವಾಮೇರೆ? ಇವತ್ತು ಊಟ ಆಯ್ತಾ ಅಂತ ಕೇಳಿದ್ರಿ, ಬಂದೆ."

ಕೊಟ್ರಯ್ಯ ಅಲ್ಲೇ ಬಗ್ಗಿ ಅವಳ ಕಾಲು ಮುಟ್ಟಲು ಹೋದ. ಅವಳು "ಅಯ್ಯೋ ಶಿವನೇ, ಏನಿದು!" ಅಂತ ಎರಡು ಹೆಜ್ಜೆ ಹಿಂದೆ ಸರಿದಳು.

ಒಳಗಿನಿಂದ ಅಜ್ಜಯ್ಯನ ದನಿ ಬಂತು. ಒಂದು ದಿನದ ಹಸಿವಿಗೇ ಸಣ್ಣಗಾಗಿತ್ತು. "ಕೊಟ್ರಯ್ಯ, ಎಷ್ಟು ಜನ ತಂದಿ?"

"ಮೂರು ಜನ, ಅಜ್ಜಯ್ಯ. ಬಾತು ಬಿಟ್ಟು."

"ಬಾಗಿಲಿಗೆ ಬಂದೋರು ಒಬ್ಬರೇ ಅಲ್ಲೇನೋ? ಕೇಳಿ ಒಬ್ಬರನ್ನೇ ತರಬಹುದಿತ್ತು."

"ಕೇಳಲಿಲ್ಲ, ಅಜ್ಜಯ್ಯ. ಕೇಳಿದ್ದರೆ, ಇಲ್ಲ ಅಂದವರನ್ನು ಬಿಟ್ಟು ಬರಬೇಕಾಗುತ್ತಿತ್ತು."

ಅಜ್ಜಯ್ಯ ಇದ್ದಬದ್ದ ಹಲ್ಲನ್ನೆಲ್ಲ ತೋರಿಸಿ ನಕ್ಕರು.

ಅಷ್ಟರಲ್ಲಿ ಹಾಲಪ್ಪನೂ ಬಂದ. ರುಮಾಲಿಲ್ಲ, ಡೊಳ್ಳಿಲ್ಲ, ಬರೀ ಅಂಗಿ.

"ಇವತ್ತು ಯಾರಾಗಿ ಬಂದೀಯೋ?"

"ಇವತ್ತು ಹಾಲಪ್ಪನೇ, ಅಜ್ಜಯ್ಯ." ಅವನಿಗೆ ನಾಚಿಕೆ.

"ಈ ವೇಷ ಎಲ್ಲಕ್ಕಿಂತ ಚೆನ್ನಾಗೈತೆ. ಕೂತ್ಕೋ."

ಊಟಕ್ಕೆ ಎಲೆ ಹಾಕಿದರು. ಎಂದಿನ ಹನ್ನೆರಡಲ್ಲದೆ ಹೆಚ್ಚಿಗೆ ಬೇಕಾದದ್ದು ನಾಲ್ಕು, ಕಟ್ಟಿನಲ್ಲಿ ಉಳಿದದ್ದು ಮೂರು. ಕೊಟ್ರಯ್ಯ ತನ್ನ ಎಲೆ ಎತ್ತಿ ಅಜ್ಜಯ್ಯನ ಪಕ್ಕದಲ್ಲಿ ಹಾಸಿ, ದುರುಗವ್ವನನ್ನು ಅಲ್ಲಿ ಕೂರಿಸಿದ. ಅವನೇ ಕೈಯಾರೆ ಬಡಿಸಿದ. ಹಂಡೆಯಲ್ಲಿ ಅನ್ನ ಇನ್ನೂ ಬೇಕಾದಷ್ಟಿತ್ತು.

"ಮೊದಲು ಅಕ್ಕ ಉಣ್ಣಲಿ. ಆಮೇಲೆ ತಾವು ಶುರುಮಾಡಿ, ಅಜ್ಜಯ್ಯ," ಅಂದ.

ದುರುಗವ್ವ ಒಂದು ರೊಟ್ಟಿ ಮುರಿದು ತಿಂದಳು. ಎಲ್ಲರೂ ಅಜ್ಜಯ್ಯನ ಕೈಯನ್ನೇ ನೋಡುತ್ತಿದ್ದರು. ಕೈ ಎಲೆಗೆ ಇಳಿಯಲಿಲ್ಲ.

"ಇನ್ನೇನು, ಅಜ್ಜಯ್ಯ? ಬಾಗಿಲಿಗೆ ಬಂದವರು ಉಂಡರಲ್ಲ!" ಕೊಟ್ರಯ್ಯನಿಗೆ ಅಳುವೇ ಬಂತು.

"ಅದು ನಿನ್ನೆ ಲೆಕ್ಕ, ತೀರಿತು. ಅಲ್ಲಿ ನೋಡು." ಅಜ್ಜಯ್ಯ ಸಾಲಿನ ಕೊನೆಗೆ ಬೆರಳು ಮಾಡಿದರು. ಹನ್ನೆರಡನೇ ಎಲೆ ಖಾಲಿಯಾಗಿತ್ತು. "ಇವರೆಲ್ಲ ನೀನು ಕರೆದು ತಂದೋರು. ಹಾಲಪ್ಪ ನಾನು ಕರೆದೋನು. ಆ ಎಲೆ ಕರೆಯದೆ ಬರೋರದ್ದು. ಪದ್ಧತಿ ಪದ್ಧತಿನೇ."

ಗೃಹಸ್ಥ ತುತ್ತು ಕೆಳಗಿಟ್ಟು, "ನಮ್ಮನೆ ಎಣ್ಣೆಗಾಯಿಗೆ ಈ ಕಾಯೋ ಕಷ್ಟ ಇರಲಿಲ್ಲ," ಅಂತ ಗೊಣಗಿದ. ಹಾಲಪ್ಪನ ಹೊಟ್ಟೆ ದೊಡ್ಡದಾಗಿ ಗುಡುಗಿತು. ಹೊರಗೆ ಬಾತುಗಳು ತುಳಸಿ ಕಟ್ಟೆಯ ಹತ್ತಿರ ಏನೋ ಹಾಳುಮಾಡುವ ಸದ್ದಾಯಿತು.

ಕೊಟ್ರಯ್ಯ ಬಾತುಗಳನ್ನು ಬೆದರಿಸಲು ಅಂಗಳಕ್ಕೆ ಇಳಿದ. ಒಂದು ಬಾತು ಬಾಗಿಲು ದಾಟಿ ದಾರಿಗೇ ಓಡಿತು. ಅದರ ಹಿಂದೆ ಅವನೂ ಓಡಿದ. ಹಿಡಿದು ಅಂಗಳದೊಳಕ್ಕೆ ಬಿಟ್ಟ. ತಾನು ದಾರಿಯಲ್ಲೇ ನಿಂತು ಆ ಕಡೆ ಈ ಕಡೆ ನೋಡಿದ. ದಾರಿ ಖಾಲಿ. ಹೊಳೆಯ ಮೇಲಿಂದ ಗಾಳಿ ಬೀಸುತ್ತಿತ್ತು.

ಆಗ ಅವನಿಗೆ ತಾನೂ ನಿನ್ನೆಯಿಂದ ಏನೂ ತಿಂದಿಲ್ಲ ಅನ್ನುವುದು ನೆನಪಾಯಿತು. ತನಗೆ ಒಳಗೆ ಎಲೆಯೂ ಇಲ್ಲ.

ಅವನ ಮುಖದಲ್ಲಿ ನಗು ಮೂಡಿತು. ಅಗುಳಿಯಿಲ್ಲದ ಬಾಗಿಲಿಗೆ ಬಂದು ಹೊಸ್ತಿಲ ಹೊರಗೆ ಕೈಕಟ್ಟಿ ನಿಂತ.

"ಎಲೆ ಖಾಲಿ ಇದೆಯಾ, ಅಜ್ಜಯ್ಯ?"

ಒಳಗೆ ದುರುಗವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಅಜ್ಜಯ್ಯ ಮಂಜುಗಣ್ಣು ಕಿರಿದು ಮಾಡಿ ಬಾಗಿಲ ಕಡೆ ನೋಡಿದರು. ಬಿಸಿಲಲ್ಲಿ ಯಾರೋ ನಿಂತಿದ್ದರು.

"ಬಾ, ಕೂತ್ಕೋ," ಅಂದರು. "ನಿನಗೋಸ್ಕರಾನೇ ಕಾಯ್ತಾ ಇದ್ದೆ."